ಜಿಂಕೆಯನ್ನು ಯಾರೂ ಕೇಳಿರಲಿಲ್ಲ

ಮೇಷ್ಟ್ರೇ,

ಹೆಸರು ಹಾಕಬೇಡಿ ಎಂದಿದ್ದೀರಿ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ಎಂದೂ ಬರೆದಿದ್ದೀರಿ. ಹಾಗಾಗಿ ಮೇಷ್ಟ್ರೇ ಅಂತಲೇ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪತ್ರ ನಾಲ್ಕು ಪುಟ ಇದೆ. ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ.

ಹಿಂದಿನ ಸಂಚಿಕೆಯಲ್ಲಿ ನಾವು ಅಮೆರಿಕದ ಬೇಟೆಗಾರರು 'ಫೇರ್ ಚೇಸ್' ಅನ್ನುವ ನಿಯಮದ ಬಗ್ಗೆ ಲೇಖನ ಹಾಕಿದ್ದೆವು. ದೊಡ್ಡ ಪ್ರಾಣಿಗಳ ಬೇಟೆಯಲ್ಲಿ ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು, ಬೇಟೆಗಾರ ಅಡ್ಡದಾರಿ ಹಿಡಿಯಬಾರದು ಅನ್ನುವುದು ಅದರ ತಿರುಳು. 'ನ್ಯಾಯದ ಬೇಟೆ' ಎಂದು ಕನ್ನಡ ಮಾಡಿದ್ದೆವು. ನೀವು ಮೂರು ಪ್ರಶ್ನೆ ಎಸೆದಿದ್ದೀರಿ. ಜಿಂಕೆಯ ಹತ್ತಿರ ಕೋವಿ ಇಲ್ಲ, ಅದು ಈ ಆಟಕ್ಕೆ ಒಪ್ಪಿಯೂ ಇಲ್ಲ, ನ್ಯಾಯ ಎಲ್ಲಿಂದ ಬಂತು? ರಾಮನೇ ವಾಲಿಯನ್ನು ಮರೆಯಲ್ಲಿ ನಿಂತು ಹೊಡೆದ, ಇವರದ್ದೇನು ಹೊಸ ಧರ್ಮ? ಮೂರನೆಯದು ಗಣಿತದ ಮೇಷ್ಟ್ರೇ ಕೇಳಬೇಕಾದ ಪ್ರಶ್ನೆ. ಪ್ರಾಣಿ ನರಳಬಾರದು ಅನ್ನುವುದು ಗುರಿಯಾದರೆ, ಬೇಲಿಯೊಳಗೆ ಮೇವು ತಿನ್ನುತ್ತ ನಿಂತದ್ದನ್ನು ಐವತ್ತು ಮೀಟರಿನಿಂದ ಒಂದೇ ಈಡಿಗೆ ಮುಗಿಸುವುದು ಒಳ್ಳೆಯದಲ್ವಾ? ಮೂರು ದಿನ ಬೆನ್ನು ಹತ್ತಿ, ಎಲ್ಲೋ ಗಾಯ ಮಾಡಿ, ಅದು ಪೊದೆಯಲ್ಲಿ ಬಿದ್ದು ಸಾಯುವುದು ಯಾವ ದೊಡ್ಡತನ?

ಮೂರನೆಯದು ನನ್ನನ್ನು ಒಂದು ವಾರ ಕಾಡಿತು. ಅದಕ್ಕೇ ಈ ಸಲ ಉತ್ತರ ಉದ್ದವಾಗಿದೆ.

ನಿಯಮ ಹುಟ್ಟಿದ ಕಾಲವನ್ನು ಮೊದಲು ಸ್ವಲ್ಪ ನೋಡೋಣ. 19ನೇ ಶತಮಾನದ ಕೊನೆ. ಉತ್ತರ ಅಮೆರಿಕದ ಬಯಲಿನಲ್ಲಿ ಕೋಟಿಗಟ್ಟಲೆ ಇದ್ದ ಬೈಸನ್ ಅನ್ನುವ ಕಾಡುಕೋಣದಂಥ ಪ್ರಾಣಿ, 1880ರ ದಶಕ ಮುಗಿಯುವ ಹೊತ್ತಿಗೆ ಸಾವಿರಕ್ಕೂ ಕಡಿಮೆ ಆಗಿತ್ತು. ಚರ್ಮಕ್ಕೆ, ಮಾಂಸದ ಮಾರುಕಟ್ಟೆಗೆ ಎಗ್ಗಿಲ್ಲದೆ ಕೊಂದಿದ್ದರು. ಶೋಕಿಗೆ ಬೇಟೆಯಾಡುವವರೇನೂ ಕಡಿಮೆ ಇರಲಿಲ್ಲ. ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ ಬೆಟ್ಟಗಳಲ್ಲಿ ನಾಯಿ ಬಿಟ್ಟು ಜಿಂಕೆಯನ್ನು ಕೆರೆಗೆ ಇಳಿಸುತ್ತಿದ್ದರು. ಅದು ಈಜುವಾಗ ದೋಣಿಯಲ್ಲಿ ಹಿಂದೆ ಹೋಗುವುದು. ಪಟ್ಟಣದಿಂದ ಬಂದ ಸಾಹುಕಾರನ ಕೈ ನಡುಗಿ ಗುರಿ ತಪ್ಪುತ್ತಿದ್ದರೆ, ದಾರಿ ತೋರಿಸಲು ಬಂದವನು ಜಿಂಕೆಯ ಬಾಲ ಹಿಡಿದುಕೊಳ್ಳುತ್ತಿದ್ದ! ಸಾಹುಕಾರ ಆರಾಮವಾಗಿ ತಲೆಗೆ ಹೊಡೆಯುತ್ತಿದ್ದ. ಇನ್ನು ಕೆಲವರು ಹಿಮ ಗಟ್ಟಿಯಾಗುವುದನ್ನು ಕಾಯುತ್ತಿದ್ದರು. ಮೇಲೆ ತೆಳು ಪೊರೆ, ಕೆಳಗೆ ಮೆತ್ತಗಿನ ಹಿಮ. ಜಿಂಕೆಯ ಗೊರಸು ಒಂದೊಂದು ಹೆಜ್ಜೆಗೂ ಹೊಟ್ಟೆಯ ತನಕ ಹುಗಿದುಹೋಗುತ್ತದೆ. ಅಗಲವಾದ ಹಿಮದ ಮೆಟ್ಟು ಹಾಕಿಕೊಂಡ ಮನುಷ್ಯ ಮೇಲೆ ಓಡಾಡಿಕೊಂಡು ದೊಣ್ಣೆಯಲ್ಲೇ ಬಡಿದು ಹಾಕಬಹುದು.

1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಮತ್ತು ಸಂಗಡಿಗರು ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. ಆಗಿನ್ನೂ ಅವರು ಅಮೆರಿಕದ ಅಧ್ಯಕ್ಷರಾಗಿರಲಿಲ್ಲ. ಆ ಕ್ಲಬ್ಬಿನ ಮೊದಮೊದಲ ನಿಯಮದಲ್ಲೇ ಈ ಚಟಗಳನ್ನು ಹೆಸರಿಸಿ ಬೇಡ ಅಂದರು. ಬೋನಿಗೆ ಬಿದ್ದ ಕರಡಿಯನ್ನು ಕೊಲ್ಲುವುದು ಬೇಡ. ರಾತ್ರಿ ದೀಪ ಹಿಡಿದು, ಕಣ್ಣು ಕೋರೈಸಿ ನಿಂತ ಜಿಂಕೆಗೆ ಹೊಡೆಯುವುದು ಬೇಡ. ಹಿಮದಲ್ಲಿ ಹುಗಿದದ್ದು ಬೇಡ. ದೋಣಿಯಿಂದ, ಈಜುವ ಪ್ರಾಣಿ ಬೇಡ. ಈ ಪಟ್ಟಿಯಲ್ಲಿ ನೋವಿನ ಮಾತೇ ಇಲ್ಲ, ಗಮನಿಸಿದಿರಾ? ಬಾಲ ಹಿಡಿದು ತಲೆಗೆ ಹೊಡೆದರೆ ಜಿಂಕೆ ತಕ್ಷಣ ಸಾಯುತ್ತದೆ. ಆದರೂ ಬೇಡ. ಅವರಿಗೆ ನಾಚಿಕೆ ಆದದ್ದು ಹೊಡೆಯುವವನನ್ನು ನೋಡಿ.

ಇದೇ ಈಜುವ ಪ್ರಾಣಿಯ ಮಾತನ್ನು ಇನ್ನೊಂದು ಕಡೆಯಿಂದ ನೋಡಿ. ಉತ್ತರ ಧ್ರುವದ ಕಡೆಯ ಇನುಯಿಟ್ ಜನ ಕ್ಯಾರಿಬೂ ಅನ್ನುವ ಅಲ್ಲಿನ ದೊಡ್ಡ ಜಿಂಕೆಗಳ ಹಿಂಡು ನದಿ ದಾಟುವ ಜಾಗದಲ್ಲಿ ಕಾದು, ಕಾಯಕ್ ದೋಣಿಯಲ್ಲಿ ಹೋಗಿ, ನೀರಿನಲ್ಲೇ ಈಟಿ ಹಾಕುತ್ತಿದ್ದರು. ತಲೆಮಾರುಗಳಿಂದ ಬಂದ ರೀತಿ ಅದು. ಅಲಾಸ್ಕಾದ ಕೆಲವು ಭಾಗಗಳಲ್ಲಿ ಈಜುವ ಕ್ಯಾರಿಬೂ ಹೊಡೆಯಲು ಇವತ್ತಿಗೂ ಕಾನೂನಿನ ಒಪ್ಪಿಗೆ ಇದೆ. ಅವರನ್ನು ಯಾರಾದರೂ ಹೇಡಿಗಳು ಅನ್ನುತ್ತಾರಾ? ಚಳಿಗಾಲಕ್ಕೆ ಮಾಂಸ ಬೇಕು, ಚರ್ಮ ಬೇಕು, ಅಷ್ಟೇ. ಕೆಲಸ ಒಂದೇ, ಮಾಡುವವನ ಹಸಿವು ಬೇರೆ. ಫೇರ್ ಚೇಸ್ ಅನ್ನುವುದು ಹೊಟ್ಟೆ ತುಂಬಿದವನಿಗೆ ಮಾತ್ರ ಅನ್ವಯಿಸುವ ನಿಯಮ. ಅವನು ಬರಿಗೈಲಿ ಬಂದರೂ ಮನೆಯಲ್ಲಿ ಊಟ ಇರುತ್ತದೆ. ಅದಕ್ಕೇ ಅವನ ಕೈಗೆ ಹಗ್ಗ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಒಂದು ಕರಡಿಯ ಕಥೆ ಹೇಳಬೇಕು. ಅರ್ಧ ಕಥೆ ನಿಮಗೆ ಗೊತ್ತಿರುತ್ತದೆ. 1902ರ ನವೆಂಬರ್, ಮಿಸಿಸಿಪ್ಪಿ. ರೂಸ್‌ವೆಲ್ಟ್ ಈಗ ಅಧ್ಯಕ್ಷ. ಕರಡಿ ಬೇಟೆಗೆ ಮುಂದಾಳು ಹೋಲ್ಟ್ ಕೋಲಿಯರ್, ಗುಲಾಮಗಿರಿಯಲ್ಲಿ ಹುಟ್ಟಿದ ಮನುಷ್ಯ, ಆ ಕಾಡನ್ನು ಅಂಗೈಯಂತೆ ಬಲ್ಲವನು. ಅಧ್ಯಕ್ಷರನ್ನು ಒಂದು ಜಾಗದಲ್ಲಿ ಕೂರಿಸಿ, ನಾಯಿಗಳ ಜೊತೆ ಕರಡಿಯನ್ನು ಅಟ್ಟಿಕೊಂಡು ಬಂದ. ಬಂದು ನೋಡಿದರೆ ಅಧ್ಯಕ್ಷರು ಊಟಕ್ಕೆ ಹೋಗಿದ್ದಾರೆ! ಅಷ್ಟರಲ್ಲಿ ಕರಡಿ ಅವನ ನಾಯಿಯ ಮೇಲೆ ಬಿತ್ತು. ಕೋಲಿಯರ್ ಕೋವಿಯ ಹಿಡಿಯಿಂದ ಅದರ ತಲೆಗೆ ಬಡಿದ, ಹಗ್ಗ ಹಾಕಿ ಮರಕ್ಕೆ ಕಟ್ಟಿದ, ಹೇಳಿ ಕಳಿಸಿದ. ರೂಸ್‌ವೆಲ್ಟ್ ಬಂದರು, ನೋಡಿದರು, ಕಟ್ಟಿಹಾಕಿದ್ದಕ್ಕೆ ನಾನು ಹೊಡೆಯುವುದಿಲ್ಲ ಅಂದರು. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು. ಅದನ್ನು ನೋಡಿ ಬ್ರೂಕ್ಲಿನ್ನಿನ ಅಂಗಡಿಯವನೊಬ್ಬ ಬಟ್ಟೆಯ ಕರಡಿ ಮಾಡಿ ಮಾರಿದ. ಟೆಡ್ಡಿ ಬೇರ್ ಬಂದದ್ದು ಹಾಗೆ.

ಉಳಿದ ಅರ್ಧವನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಏಟು ತಿಂದು ಅರೆಜೀವವಾಗಿದ್ದ ಆ ಕರಡಿಯನ್ನು ಬಿಡಲಿಲ್ಲ. ನರಳುವುದು ಬೇಡ, ಮುಗಿಸಿ ಅಂದರು ಅಧ್ಯಕ್ಷರು. ಚಾಕು ಹಾಕಿ ಕೊಂದರು. ಕರಡಿಯ ಲೆಕ್ಕದಲ್ಲಿ ಏನು ಬದಲಾಯಿತು, ಮೇಷ್ಟ್ರೇ? ಗುಂಡಿನ ಬದಲು ಚಾಕು. ಬಹುಶಃ ಗುಂಡೇ ವಾಸಿ ಇತ್ತು. ಇದೇ ರೂಸ್‌ವೆಲ್ಟ್ 1909ರಲ್ಲಿ ಮಗನ ಜೊತೆ ಆಫ್ರಿಕಾಕ್ಕೆ ಹೋಗಿ, ಇಬ್ಬರೂ ಸೇರಿ 512 ಪ್ರಾಣಿ ಹೊಡೆದರು. ವಸ್ತುಸಂಗ್ರಹಾಲಯಕ್ಕೆ ಅಂತ ಕಾರಣ ಇತ್ತು, ಇರಲಿ. ಕಟ್ಟಿದ ಒಂದನ್ನು ಹೊಡೆಯದವನು ಬಿಡುಬೀಸಾಗಿದ್ದ ಐನೂರರ ಲೆಕ್ಕಕ್ಕೆ ಹಿಂಜರಿಯಲಿಲ್ಲ. ನೀವು ಇದನ್ನು ಆಷಾಢಭೂತಿತನ ಅನ್ನುತ್ತೀರಿ. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಒಪ್ಪುತ್ತೇನೆ, ಈ ನಿಯಮದಿಂದ ಪ್ರಾಣಿಗೆ ನ್ಯಾಯ ಸಿಗುವುದಿಲ್ಲ. ಪ್ರಾಣಿಯನ್ನು ಯಾರೂ ಕೇಳಿಯೇ ಇಲ್ಲ.

ಹಾಗಾದರೆ ಇದು ಯಾಕೆ ಬೇಕು? ಇಲ್ಲಿ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ನಾನು ಬೇಟೆಗಾರನಲ್ಲ. ಆದರೆ ಕೆಲವು ವರ್ಷಗಳ ಹಿಂದೆ, ನವೆಂಬರಿನಲ್ಲಿ, ಮೊಂಟಾನಾದಲ್ಲಿ ಗೆಳೆಯನೊಬ್ಬನ ಹಿಂದೆ ಮೂರು ದಿನ ಎಲ್ಕ್ ಬೇಟೆಗೆ ನಡೆದಿದ್ದೇನೆ. ಎಲ್ಕ್ ಅಂದರೆ ಕುದುರೆಯಷ್ಟು ದೊಡ್ಡ ಜಿಂಕೆ ಅಂದುಕೊಳ್ಳಿ. ಅವನ ಹತ್ತಿರ ಕೋವಿ, ನನ್ನ ಹತ್ತಿರ ಬೈನಾಕ್ಯುಲರ್. ಅವನ ಜೇಬಿನಲ್ಲಿ ಒಂದು ಪುಟ್ಟ ಪೌಡರ್ ಬಾಟಲಿ ಇತ್ತು. ಹತ್ತು ಹೆಜ್ಜೆಗೊಮ್ಮೆ ಅದನ್ನು ಅದುಮುವುದು, ಬಿಳಿ ಪುಡಿ ಯಾವ ಕಡೆ ತೇಲುತ್ತದೆ ಅಂತ ನೋಡುವುದು. ಗಾಳಿ ನಮ್ಮಿಂದ ಪ್ರಾಣಿಯ ಕಡೆ ಹೋದರೆ ಕಥೆ ಮುಗಿಯಿತು. ಮೊದಲ ದಿನ ಹಾಗೇ ಆಯಿತು. ಎರಡು ಗಂಟೆ ತೆವಳಿದ್ದೆವು. ಪುಡಿ ಇದ್ದಕ್ಕಿದ್ದಂತೆ ತಿರುಗಿ ಮುಂದಕ್ಕೆ ತೇಲಿತು. ಎದುರಿನ ಇಳಿಜಾರಿನಲ್ಲಿ ಒಂದು ಹೆಣ್ಣು ಎಲ್ಕ್ ತಲೆ ಎತ್ತಿತು. ಅಷ್ಟೇ, ಇಡೀ ಹಿಂಡು ಮಾಯ. ಎರಡನೇ ದಿನ ಏನೂ ಕಾಣಲಿಲ್ಲ.

ಮೂರನೇ ದಿನ ಸಂಜೆ ಹುಲ್ಲುಗಾವಲಿನ ಅಂಚಿಗೆ ಒಂದು ದೊಡ್ಡ ಗಂಡು ಬಂತು. ನೂರೈವತ್ತು ಮೀಟರ್ ಇರಬಹುದು. ಪಕ್ಕೆ ತೋರಿಸಿ ನಿಂತಿತ್ತು. ಕೊಂಬಿನ ಒಂದೊಂದು ಕವಲೂ ನನಗೆ ಕಾಣುತ್ತಿತ್ತು. ಗೆಳೆಯ ಕೋವಿ ಎತ್ತಿದ. ಆಮೇಲೆ ಕೈಗಡಿಯಾರ ನೋಡಿದ. ಅಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯ ತನಕ ಮಾತ್ರ ಹೊಡೆಯಬಹುದು. ಮುಳುಗಿ ಮೂವತ್ತನಾಲ್ಕು ನಿಮಿಷ ಆಗಿತ್ತು. ಕೋವಿ ಇಳಿಸಿ, ತೋಟೆಗಳನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡ. ಎಲ್ಕ್ ಇನ್ನೂ ಅಲ್ಲೇ ಇತ್ತು. ಮೈಲಿಗಟ್ಟಲೆ ಇನ್ನೊಬ್ಬ ಮನುಷ್ಯ ಇರಲಿಲ್ಲ, ನಾನಂತೂ ಯಾರಿಗೂ ಹೇಳುತ್ತಿರಲಿಲ್ಲ. ಕತ್ತಲಲ್ಲಿ ಎರಡು ಗಂಟೆ ವಾಪಸ್ ನಡೆದೆವು. ದಾರಿಯುದ್ದಕ್ಕೂ ಅವನು ಆ ನಾಲ್ಕು ನಿಮಿಷಕ್ಕೆ ಬೈಯುತ್ತಲೇ ಇದ್ದ. ಸಂತ ಏನಲ್ಲ ಅವನು.

ಆಟದ ಮೈದಾನದಲ್ಲಿ ಅಂಪೈರ್ ಇರುತ್ತಾನೆ, ಎದುರಾಳಿ ಕೂಗಾಡುತ್ತಾನೆ. ಇಲ್ಲಿ ಎದುರಾಳಿಗೆ ಆಟ ನಡೆಯುತ್ತಿದೆ ಅಂತಲೇ ಗೊತ್ತಿಲ್ಲ. ಆ ರಾತ್ರಿ ಒಲೆಯ ಮುಂದೆ ಕೂತು ಗೆಳೆಯ ಇನ್ನೊಂದು ಮಾತು ಹೇಳಿದ. ಹಿಂದೊಮ್ಮೆ ಹೀಗೇ ಮಬ್ಬಿನಲ್ಲಿ ಹೊಡೆದು, ಗುಂಡು ಹೊಟ್ಟೆಗೆ ಬಿದ್ದು, ಒಂದೂವರೆ ದಿನ ಆ ಪ್ರಾಣಿಯ ಹಿಂದೆ ಅಲೆದಿದ್ದನಂತೆ. ಹುಲ್ಲಿನ ಮೇಲಿನ ರಕ್ತ ನೋಡಿಯೇ ಹೇಳಬಹುದು ಅಂದ. ತಿಳಿಗೆಂಪು, ನೊರೆ ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪಾಗಿದ್ದರೆ ಯಕೃತ್ತು, ಅಂದರೆ ಪಿತ್ತಜನಕಾಂಗ. ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆ. ಆಗ ತಕ್ಷಣ ಹಿಂದೆ ಹೋಗಬಾರದು, ಗಂಟೆಗಟ್ಟಲೆ ಕಾಯಬೇಕು. ಅಟ್ಟಿದರೆ ಅದು ಇನ್ನೂ ದೂರ ಓಡಿ ಎಲ್ಲೋ ಸಾಯುತ್ತದೆ. ಆ ಕಾಯುವ ಗಂಟೆಗಳ ಬಗ್ಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ನಿಮ್ಮ ಮೂರನೇ ಪ್ರಶ್ನೆ ಇರುವುದು ಇಲ್ಲೇ. ಫೇರ್ ಚೇಸ್ ಒಳಗೆ ಎರಡು ಆಸೆಗಳಿವೆ. ಪ್ರಾಣಿಗೆ ತಪ್ಪಿಸಿಕೊಳ್ಳಲು ಆಗಬೇಕು. ತಪ್ಪಿಸಿಕೊಳ್ಳದಿದ್ದರೆ ಥಟ್ಟನೆ ಸಾಯಬೇಕು. ಇವೆರಡೂ ಹೊಂದಿಕೊಂಡು ಹೋಗುವುದಿಲ್ಲ. ಬಿಲ್ಲು ಬಾಣವನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಬಿಲ್ಲಿನ ಬೇಟೆಗೆ ಬಹಳ ಮರ್ಯಾದೆ. ಮೂವತ್ತು ಮೀಟರಿನೊಳಗೆ ಹೋಗಬೇಕು, ಪ್ರಾಣಿಯ ಕಣ್ಣು ಕಿವಿ ಮೂಗು ಮೂರನ್ನೂ ದಾಟಬೇಕು. 1961ರಲ್ಲಿ ಅದಕ್ಕೇ ಅಂತ ಪೋಪ್ ಅಂಡ್ ಯಂಗ್ ಕ್ಲಬ್ ಹುಟ್ಟಿತು, ಅವರೂ ಫೇರ್ ಚೇಸ್ ಮಾತೇ ಆಡುತ್ತಾರೆ. ಆದರೆ ಬಾಣ ಕೊಲ್ಲುವುದು ಕೊಯ್ದು, ರಕ್ತ ಹರಿಸಿ. ಸರಿಯಾದ ಜಾಗಕ್ಕೆ ಬಿದ್ದರೆ ಪ್ರಾಣಿ ಸ್ವಲ್ಪ ದೂರ ಓಡಿ ಬೀಳುತ್ತದೆ. ತಪ್ಪಿದರೆ ಗೆಳೆಯನ ಒಂದೂವರೆ ದಿನವೇ.

ಜರ್ಮನಿಯಲ್ಲಿ ಜಿಂಕೆ, ಕಾಡುಹಂದಿಯಂಥ ಪ್ರಾಣಿಗಳಿಗೆ ಬಾಣ ಬಿಡುವುದೇ ಕಾನೂನುಬಾಹಿರ. ಬ್ರಿಟನ್ನಿನಲ್ಲೂ 1981ರ ಕಾನೂನು ಕಾಡುಪ್ರಾಣಿಗಳ ಮೇಲೆ ಬಿಲ್ಲು ಬಳಸಬೇಡಿ ಅನ್ನುತ್ತದೆ. ಒಂದು ದೇಶದಲ್ಲಿ ಎಲ್ಲಕ್ಕಿಂತ ನ್ಯಾಯವಾದ ಆಯುಧ, ಇನ್ನೊಂದರಲ್ಲಿ ಅಪರಾಧ! ಜರ್ಮನರ ಲೆಕ್ಕವೇ ಬೇರೆ. ಅವರು ಎತ್ತರದ ಅಟ್ಟಣೆಯ ಮೇಲೆ ಕೂತು, ಕೆಳಗೆ ಒಂದಿಷ್ಟು ಜೋಳ ಚೆಲ್ಲಿ ಕಾದರೂ ಅಂಥ ತಪ್ಪೇನಿಲ್ಲ. ಆದರೆ ಕೋವಿ ಹಿಡಿಯುವ ಮೊದಲು ಕಷ್ಟದ ಪರೀಕ್ಷೆ ಪಾಸಾಗಬೇಕು. ಗಾಯಗೊಂಡದ್ದನ್ನು ಹುಡುಕಲು ಪಳಗಿದ ನಾಯಿ ಬೇಕು. ಬೇಟೆಗಾರ ನಡೆದುಕೊಳ್ಳಬೇಕಾದ ರೀತಿಯ ಮಾತು ಅವರ ಬೇಟೆ ಕಾನೂನಿನ ಮೊದಲ ಕಲಮಿನಲ್ಲೇ ಬರುತ್ತದೆ. ಸತ್ತ ಪ್ರಾಣಿಯ ಬಾಯಿಗೆ ಹಸಿರು ಕಡ್ಡಿಯೊಂದನ್ನು ಇಡುವ ಪದ್ಧತಿಯೂ ಇದೆ, ಕೊನೆಯ ತುತ್ತು ಅಂತ. ಒಳ್ಳೆಯ ಪದ್ಧತಿಯೋ, ಕೊಂದವನ ಸಮಾಧಾನಕ್ಕೋ, ನನಗೆ ಇನ್ನೂ ತೀರ್ಮಾನ ಆಗಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಗುಂಡು ಹೊರಡುವ ತನಕ ಅಮೆರಿಕದವರ ಮಾತು ಸರಿ, ಹೊರಟ ಮೇಲೆ ಜರ್ಮನರದ್ದು. ಹೊಡೆಯುವ ಮೊದಲು ಪ್ರಾಣಿ ನಿಜಕ್ಕೂ ಬಿಡುಬೀಸಾಗಿರಬೇಕು. ಹೊಡೆದೆಯೋ, ಆಮೇಲೆ 'ಅದಕ್ಕೂ ಒಂದು ಅವಕಾಶ' ಅನ್ನುವ ಮಾತು ಬೇಡ. ಅವಕಾಶ ಮುಗಿಯಿತು, ಇನ್ನು ಬೇಗ ಮುಗಿಸುವುದೊಂದೇ ಕೆಲಸ.

ಈ ಅಳತೆಗೋಲು ಹಿಡಿದರೆ ಹೊಸ ಚಟಗಳೂ ಬಯಲಾಗುತ್ತವೆ. ಈಗ ಸಾವಿರ ಮೀಟರಿನಿಂದ ಹೊಡೆಯುವುದು ಒಂದು ಹುಚ್ಚು. ದೂರ ಅಳೆಯುವ ಲೇಸರ್, ಗಾಳಿ ಲೆಕ್ಕ ಹಾಕುವ ಯಂತ್ರ, ಎಲ್ಲ ಇದೆ. ಆದರೆ ಗುಂಡು ಅಷ್ಟು ದೂರ ಹೋಗಲು ಸುಮಾರು ಒಂದೂವರೆ ಸೆಕೆಂಡು ಬೇಕು. 'ಒಂದು, ಎರಡು' ಅಂತ ಎಣಿಸಿ ನೋಡಿ. ಅಷ್ಟರಲ್ಲಿ ಮೇಯುವ ಜಿಂಕೆ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಯಂತ್ರ ಗಾಳಿಯನ್ನು ಲೆಕ್ಕ ಹಾಕೀತು, ಆ ಹೆಜ್ಜೆಯನ್ನಲ್ಲ. ಅಷ್ಟು ದೂರದಲ್ಲಿ ಮನುಷ್ಯ ಇದ್ದಾನೆ ಅಂತ ಪ್ರಾಣಿಗೆ ಗೊತ್ತಾಗುವ ದಾರಿಯೂ ಇಲ್ಲ. ಎರಡೂ ಲೆಕ್ಕದಲ್ಲಿ ಫೇಲ್.

ಕಾನೂನು ಕೆಲವು ಕಡೆ ತಂತ್ರಜ್ಞಾನದ ಹಿಂದೆ ಏದುಸಿರು ಬಿಡುತ್ತ ಓಡುತ್ತಿದೆ. ಅಲಾಸ್ಕಾದಲ್ಲಿ ವಿಮಾನದಲ್ಲಿ ಹಾರಿದ ದಿನ ಹೆಚ್ಚಿನ ದೊಡ್ಡ ಪ್ರಾಣಿಗಳನ್ನು ಹೊಡೆಯುವಂತಿಲ್ಲ, ಮಾರನೆಯ ದಿನ ಬೆಳಗಿನ ಜಾವ 3 ಗಂಟೆಯ ತನಕ ಕಾಯಬೇಕು. ಮೇಲಿಂದ ಗುರುತಿಸಿ, ಇಳಿದು ಹೊಡೆಯುವುದನ್ನು ತಪ್ಪಿಸಲು ಈ ಉಪಾಯ. ಅರಿಜೋನಾ ಒಣ ರಾಜ್ಯ, ನೀರಿನ ತಾಣ ಕಡಿಮೆ. ಒಂದೊಂದು ಹೊಂಡದ ಸುತ್ತ ಸಾಲು ಸಾಲು ಕ್ಯಾಮೆರಾ ಕಟ್ಟಿ, ಯಾವ ಪ್ರಾಣಿ ಎಷ್ಟು ಹೊತ್ತಿಗೆ ಬಂತು ಅಂತ ತಿಳಿದುಕೊಳ್ಳುತ್ತಿದ್ದರು. 2022ರ ಜನವರಿಯಿಂದ ಬೇಟೆಗೆ ಅಂಥ ಕ್ಯಾಮೆರಾ ನಿಷಿದ್ಧ. ಟೆಕ್ಸಾಸಿನಲ್ಲಿ 2005ರ ಸುಮಾರಿಗೆ ಒಬ್ಬ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಇಂಟರ್‌ನೆಟ್ ಮೂಲಕ ಬಹುದೂರದ ಕೋವಿಯ ಕುದುರೆ ಒತ್ತುವ ವ್ಯವಸ್ಥೆ ಮಾಡಿದ್ದ! ಅದನ್ನು ವಿರೋಧಿಸಿ ಬೇಟೆಗಾರರ ಸಂಘಗಳೇ ಎದ್ದು ನಿಂತವು. ರಾಜ್ಯಗಳು ಒಂದರ ಹಿಂದೊಂದು ನಿಷೇಧಿಸಿದವು.

ನಾಯಿ ಬಿಡುವುದು, ಮೇವು ಹಾಕಿ ಕಾಯುವುದು ಮಾತ್ರ ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ. 1992ರಲ್ಲಿ ಕೊಲರಾಡೊ ಜನ ಮತ ಹಾಕಿ ಕರಡಿ ಬೇಟೆಯಲ್ಲಿ ಇವೆರಡನ್ನೂ ನಿಲ್ಲಿಸಿದರು. ಮೊದಲ ನೋಟಕ್ಕೆ ಸರಿಯೇ. ಆದರೆ ನಾಯಿಗೆ ಹೆದರಿ ಮರ ಹತ್ತಿ ಕೂತ ಕರಡಿಯನ್ನು ಸಾವಧಾನವಾಗಿ ನೋಡಬಹುದು. ಗಂಡೋ ಹೆಣ್ಣೋ, ಹತ್ತಿರ ಮರಿ ಇದೆಯೋ ಅಂತ ತಿಳಿದುಕೊಂಡು ಬಿಟ್ಟು ಬರಬಹುದು. ಪೊದೆಯ ಸಂದಿಯಲ್ಲಿ ಅರೆಕ್ಷಣ ಕಂಡದ್ದಕ್ಕೆ ಹೊಡೆದವನು ತಾಯಿಯನ್ನೇ ಕೊಂದಿರಬಹುದು. ಇದರಲ್ಲಿ ನಾನಿನ್ನೂ ಗೋಡೆಯ ಮೇಲೆ ಕೂತಿದ್ದೇನೆ.

ಬೇಲಿಯ ವಿಷಯದಲ್ಲಿ ಹಾಗಿಲ್ಲ. ನಿಮ್ಮ ಐವತ್ತು ಮೀಟರಿನ ಲೆಕ್ಕ ಪ್ರಾಣಿಯ ನೋವಿನ ಮಟ್ಟಿಗೆ ಸರಿ, ಅದನ್ನು ಒಪ್ಪುತ್ತೇನೆ. ಹಾಗಾದರೆ ಅದಕ್ಕೆ ಕಸಾಯಿಖಾನೆ ಅಂತ ಹೆಸರಿಡಿ, ಬೇಟೆ ಅನ್ನಬೇಡಿ. ದಕ್ಷಿಣ ಆಫ್ರಿಕಾದಲ್ಲಿ ಸಾವಿರಾರು ಸಿಂಹಗಳನ್ನು ಬೇಲಿಯೊಳಗೆ ಸಾಕುತ್ತಾರೆ. ಮರಿಯಾಗಿದ್ದಾಗ ಪ್ರವಾಸಿಗಳು ಎತ್ತಿಕೊಂಡು ಮುದ್ದಾಡುತ್ತಾರೆ. ಬೆಳೆದ ಮೇಲೆ ದುಡ್ಡು ಕೊಟ್ಟವನ ಮುಂದೆ ಬಿಡುತ್ತಾರೆ. ಜೀಪಿನ ಸದ್ದು ಕೇಳಿದರೆ ಊಟ ಬಂತು ಅಂತ ಹತ್ತಿರ ಬರುವಂತೆ ಬೆಳೆದ ಪ್ರಾಣಿ ಅದು. ಆಡಿರಾಂಡಾಕ್ ಕೆರೆಯಲ್ಲಿ ಹಿಡಿದಿದ್ದು ಬಾಲವನ್ನು, ಇಲ್ಲಿ ಹಿಡಿದಿರುವುದು ನಂಬಿಕೆಯನ್ನು. ಅಲ್ಲಿನ ವೃತ್ತಿಪರ ಬೇಟೆಗಾರರ ಸಂಘ 2015ರಲ್ಲಿ ಇದು ನಮಗೆ ಬೇಡ ಅಂದಿತು, 2017ರಲ್ಲಿ ಮಾತು ತಿರುಗಿಸಿತು. ಒಂದಿಷ್ಟು ಸದಸ್ಯರು ಸಿಟ್ಟಾಗಿ ಹೊರಬಂದು ಬೇರೆ ಸಂಘ ಕಟ್ಟಿದರು. 2024ರಲ್ಲಿ ಅಲ್ಲಿನ ಸಚಿವ ಸಂಪುಟ ಈ ದಂಧೆಯನ್ನು ಕೊನೆಗಾಣಿಸುವ ನೀತಿಗೆ ಒಪ್ಪಿಗೆ ಕೊಟ್ಟಿದೆ. ಎಷ್ಟು ಎಕರೆ ಇದ್ದರೆ ಬೇಲಿ ಬೇಲಿಯಲ್ಲ ಅನ್ನುವ ಜಗಳ ಮಾತ್ರ ಯಾವತ್ತೂ ಮುಗಿಯುವುದಿಲ್ಲ. ನನ್ನ ಕೇಳಿದರೆ ಪ್ರಾಣಿ ಓಡಿ ಓಡಿ ಬೇಲಿ ಮುಟ್ಟುತ್ತದೆ ಅಂದಮೇಲೆ ಎಕರೆ ಲೆಕ್ಕ ಸುಮ್ನೆ.

ಇನ್ನು ವಾಲಿ. ನೀವು ರಾಮನ ಪಕ್ಷ ಹಿಡಿದು ಬರೆದಿದ್ದೀರಿ, ಅವನ ಉತ್ತರ ನಿಮಗೆ ನೆನಪಿದ್ದೇ ಇರುತ್ತದೆ. ವಾಲ್ಮೀಕಿಯಲ್ಲಿ ಅವನು ಕೊಡುವ ಕಾರಣಗಳಲ್ಲಿ ಇದೂ ಒಂದು. ಮನುಷ್ಯರು ಬಲೆ ಹಾಕಿ, ಕುಣಿಕೆ ಒಡ್ಡಿ, ಮರೆಯಲ್ಲಿ ನಿಂತು ಮೃಗಗಳನ್ನು ಹಿಡಿಯುತ್ತಾರೆ, ಅದರಲ್ಲಿ ದೋಷವಿಲ್ಲ, ನೀನು ಶಾಖಾಮೃಗ, ಅಂದರೆ ಕೋತಿ. ಅಂದರೆ ಮೃಗದ ವಿಷಯದಲ್ಲಿ ನ್ಯಾಯದ ಪ್ರಶ್ನೆಯೇ ಏಳುವುದಿಲ್ಲ ಅಂತ. ನಿಮ್ಮ ವಾದವೂ ಅದೇ ತಾನೆ? ಆದರೆ ಮಹಾಭಾರತದಲ್ಲಿ ಇನ್ನೊಂದು ಉತ್ತರ ಇದೆ. ಕೂಡುತ್ತಿದ್ದ ಜಿಂಕೆಗೆ ಪಾಂಡು ಬಾಣ ಬಿಟ್ಟ. ಅದು ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿ. ಸಾಯುವಾಗ ಅವನು ಹೇಳಿದ್ದು ನೋಡಿ. ಜಿಂಕೆ ಹೊಡೆದೆ ಅಂತ ನಿನ್ನನ್ನು ದೂರುವುದಿಲ್ಲ, ಅದು ರಾಜರ ರೂಢಿ, ಆದರೆ ಕೂಡುವುದು ಮುಗಿಯುವ ತನಕ ಕಾಯಬೇಕಿತ್ತು. ಕೊಂದದ್ದಕ್ಕಲ್ಲ, ಕಾಯದೆ ಇದ್ದದ್ದಕ್ಕೆ ಶಾಪ. ನನ್ನ ಗೆಳೆಯನ ಮೂವತ್ತನಾಲ್ಕನೇ ನಿಮಿಷ ನೆನಪಾಯಿತು ನನಗೆ.

ಹಾಗಾಗಿ 'ನ್ಯಾಯದ ಬೇಟೆ' ಅನ್ನುವ ನಮ್ಮ ಅನುವಾದ ತಪ್ಪು, ನೀವು ಸರಿ. ನ್ಯಾಯಕ್ಕೆ ಎರಡು ಕಡೆಯವರು ಬೇಕು. ಕಚೇರಿಯಲ್ಲಿ ಕೂತು ನಾವೆಲ್ಲ ಚರ್ಚೆ ಮಾಡಿದೆವು. ಪ್ರೂಫ್ ನೋಡುವ ಹುಡುಗಿ 'ನೇಮದ ಬೇಟೆ' ಅಂದರೆ ಹೇಗೆ ಸಾರ್ ಅಂದಳು. ನೇಮ ಅಂದರೆ ತನಗೆ ತಾನೇ ಹಾಕಿಕೊಂಡ ಕಟ್ಟು. ಉಪವಾಸ ಮಾಡುವವನು ಅಕ್ಕಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಳ್ಳುವುದಿಲ್ಲವಲ್ಲ. ನನಗೆ ಒಪ್ಪಿಗೆಯಾಯಿತು. ಮುಂದಿನ ಸಂಚಿಕೆಯಿಂದ ಹಾಗೇ ಬರೆಯುತ್ತೇವೆ. ಅದಕ್ಕಿಂತ ಒಳ್ಳೆಯ ಪದ ಹೊಳೆದರೆ ಕಳಿಸಿ.

ಪತ್ರದ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದನ್ನೂ ನೋಡಿದೆ. ಹೌದು, ಲೇಖನದ ಎರಡನೇ ಚಿತ್ರದ ಕೆಳಗೆ 'ಎಲ್ಕ್' ಎಂದು ಹಾಕಿದ್ದೆವು, ಚಿತ್ರದಲ್ಲಿರುವುದು ಮೂಸ್ ಅನ್ನುವ ಬೇರೆ ಜಾತಿಯ ಜಿಂಕೆ. ಕೊಂಬು ಸಲಿಕೆಯಂತೆ ಅಗಲವಾಗಿದೆ, ಗದ್ದದ ಕೆಳಗೆ ಜೋತುಬಿದ್ದ ಚರ್ಮ ಇದೆ, ಎಲ್ಕ್ ಆಗಲು ಸಾಧ್ಯವೇ ಇಲ್ಲ. ಮೂರು ದಿನ ಎಲ್ಕ್ ಹಿಂದೆ ಅಲೆದವನು ನಾನೇ, ನನ್ನ ಕಣ್ಣಿಗೇ ಬೀಳಲಿಲ್ಲ. ಅರ್ಧ ಅಂಕ ಕಳೆಯಿರಿ.

ಸಂಪಾದಕ